ಕತ್ತು ತಿರುಗಿಸಿದ ಕುದುರೆ

ಅಜನಿ, ನಾಗಪುರ
12 ಜನವರಿ 1984

ತಂಗಿ ನೀಲಾಂಬಿಕೆಗೆ ನಿನ್ನ ರುದ್ರಣ್ಣನ ಹರಕೆ.

ಮೂರನೆಯ ಗಂಟೆ ಬಾರಿಸು, ನೀಲಾ! ಎತ್ತು ಪರದೆ! ಎರಡೂವರೆ ಸಾವಿರ ವರ್ಷ ಮುಚ್ಚಿದ್ದ ರಂಗ ಇವತ್ತು ತೆರೆಯಿತು. ಮುಂದಿನ ಸಾಲಿನಲ್ಲಿ, ಕೈಯಲ್ಲಿ ಪೆನ್ಸಿಲ್ ಹಿಡಿದು, ಮಂಡಿಯೂರಿ ಕೂತಿದ್ದವನು ಯಾರು? ಪೇಂಟರ್ ದೊಡ್ಡಯ್ಯನ ಮಗ ರುದ್ರಪ್ಪ!

ಹಿಂಗಣಾದ ಕಾರ್ಖಾನೆಗಳು ಮುಗಿದು, ಬಸ್ಸು ತಿರುಗಿ ನಿಲ್ಲುವ ಜಾಗದಿಂದ ಮೂರು ಮೈಲಿ ನಡೆದರೆ ಮುಳ್ಳುಕಂಟಿಯ ಬಯಲು. ಅಲ್ಲಿ ಕರಿಗುಂಡುಗಳನ್ನು ದುಂಡಗೆ ನಿಲ್ಲಿಸಿ, ನಡುವೆ ಮಣ್ಣು ಕಲ್ಲು ಸುರಿದು ದಿಬ್ಬ ಮಾಡಿದ್ದಾರೆ. ಒಂದೆರಡಲ್ಲ, ನಲವತ್ತೊಂದು. ಊರ ಜನ ಅವನ್ನು ಹಿಂದಿನ ಗೌಳಿಗರ ದನದ ದೊಡ್ಡಿ ಎನ್ನುತ್ತಾರೆ. ದೊಡ್ಡಿಯಲ್ಲ ತಂಗಿ, ಸಮಾಧಿ. ಕಬ್ಬಿಣ ಕಾಸಲು ಬಲ್ಲ, ಅಕ್ಷರ ಬರೆಯಲು ಬಾರದ ಯಾರೋ ಜನ ತಮ್ಮ ಸತ್ತವರನ್ನು ಅಲ್ಲಿ ಮಲಗಿಸಿ ಹೋಗಿದ್ದಾರೆ.

ನಾವು ಅಗೆಯುತ್ತಿರುವುದು ಹದಿನಾಲ್ಕನೆಯ ದಿಬ್ಬ. ಮೊನ್ನೆ ಒಬ್ಬ ಮನುಷ್ಯನ ಎಲುಬು ಸಿಕ್ಕವು. ಇವತ್ತು ಅವನಿಂದ ಎರಡು ಮೊಳ ಆಚೆಗೆ ಕುಂಚದಿಂದ ಮಣ್ಣು ಗುಡಿಸುತ್ತಿದ್ದ ಸಖುಬಾಯಿ ಚೀರಿದಳು: “ಬಾಬೂ, ಮಾಣೂಸ್ ನಾಹೀ! ಘೋಡಾ ಹೈ, ಘೋಡಾ!” ಮನುಷ್ಯನಲ್ಲ, ಕುದುರೆ! ಪಕ್ಕೆಲುಬಿನ ಸಾಲು, ಅದರ ಮೇಲ್ಗಡೆ ಹಸಿರುಗಟ್ಟಿದ ತಾಮ್ರದ ತಗಡು. ಕುದುರೆಯ ಹಣೆಯ ಆಭರಣವಂತೆ. ತಲೆ ಇನ್ನೂ ಮಣ್ಣಲ್ಲಿದೆ. ನಮ್ಮ ಠೋಂಬರೆ ಸಾಹೇಬರಂಥ ಕಲ್ಲಿನ ಮನುಷ್ಯ ಟೋಪಿ ತೆಗೆದು ನಿಂತರು!

ನಮ್ಮ ನಾಟಕ ಕಂಪನಿಯ ಬಿದಿರಿನ ಕುದುರೆ ನೆನಪಿದೆಯೇ? ಒಡಹುಟ್ಟದಿದ್ದರೂ ನನ್ನನ್ನು ಅಣ್ಣಾ ಎನ್ನುತ್ತಿದ್ದ ನಾಲ್ಕು ವರ್ಷದ ನಿನ್ನನ್ನು ಅದರ ಮೇಲೆ ಕೂರಿಸಿದರೆ ನಿಮ್ಮವ್ವ ಕಲಾವತಿಬಾಯಿ ಬಣ್ಣ ಹಚ್ಚಿದ ಮೋರೆಯಲ್ಲೇ ಓಡಿಬಂದು ಬಯ್ಯುತ್ತಿದ್ದಳು. ಅದರ ಕತ್ತನ್ನು ಅಪ್ಪ ಜನರ ಕಡೆಗೇ ತಿರುಗಿಸಿ ಕಟ್ಟಿದ್ದ. “ಮನುಷ್ಯಾ ಇರ್ಲಿ, ಮೃಗಾ ಇರ್ಲಿ, ರಂಗದ ಮ್ಯಾಲೆ ಬಂದ್ರ ಮಂದಿಗೆ ಬೆನ್ನ ತೋರಸಬಾರ್ದಲೇ” ಎನ್ನುತ್ತಿದ್ದ. ಮೂವತ್ತು ವರ್ಷ ಪರದೆಗಳ ಮೇಲೆ ಅರಮನೆ, ಅಡವಿ, ಸ್ಮಶಾನ ಬರೆದ. ಹ್ಯಾಂಡ್‌ಬಿಲ್ಲಿನಲ್ಲಿ ದೀಪ ಹಚ್ಚುವವನ ಹೆಸರೂ ಇರುತ್ತಿತ್ತು, ಅಪ್ಪನದು ಇರುತ್ತಿರಲಿಲ್ಲ. ಸಾಯುವಾಗ ನನಗೆ ಹೇಳಿದ್ದು ಒಂದೇ ಮಾತು: “ಎಲ್ಲ್ಯರ ಒಂದು ಕಡೆ, ಸಣ್ಣ ಅಕ್ಷರದಾಗ ಆದ್ರೂ, ಹೆಸರು ಅಚ್ಚ ಹಾಕಿಸ್ಕೊ ಮಗನ.”

ನಾನೂ ಒಂಬತ್ತು ವರ್ಷದಿಂದ ಈ ಪುರಾತತ್ವ ಕಚೇರಿಯಲ್ಲಿ ದಿನಗೂಲಿಯ ನಕ್ಷೆಗಾರ. ವರದಿಗಳು ಹೊರಬಂದಿವೆ, ನನ್ನ ಗೆರೆಗಳಿವೆ. ಹೆಸರು? ಹೋಗಲಿ ಬಿಡು. ಇವತ್ತು ಕುದುರೆಯ ದಿನ.

ನಿನ್ನ ಅಣ್ಣ
ರುದ್ರಪ್ಪ

ಧಾರವಾಡ
27 ಜನವರಿ 1984

ಪ್ರೀತಿಯ ರುದ್ರಣ್ಣನಿಗೆ ನಮಸ್ಕಾರ.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನನ್ನ ಪಿಎಚ್.ಡಿ. ಪ್ರಬಂಧದ ವಿಷಯ ಇಂಥ ಸಮಾಧಿಗಳೇ ಎಂಬುದು ನಿನಗೆ ಗೊತ್ತು. ನಾಲ್ಕು ವರ್ಷದಿಂದ ಬೇರೆಯವರು ಬರೆದ ಪುಸ್ತಕಗಳನ್ನು ಓದಿ ಬರೆಯುತ್ತಿದ್ದೇನೆ. ನಮ್ಮ ಮಾರ್ಗದರ್ಶಕರು ಮೊನ್ನೆ ಎಲ್ಲರೆದುರಿಗೆ, “ನೀಲಾಂಬಿಕಾ, ನೀವು ಊಟದ ವಾಸನಿ ಮ್ಯಾಲೆ ಅಡಗಿ ಪುಸ್ತಕಾ ಬರ್ಯಾಕತ್ತೀರಿ” ಎಂದರು. ನಾಟಕದವಳ ಮಗಳು ಎಂಬುದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ನಕ್ಕವರಿಗೆ ಅದು ಕೇಳಿಸುತ್ತದೆ.

ಆ ಕುದುರೆಯ ಚಿತ್ರದ ಒಂದು ಪ್ರತಿ ನನಗೆ ಸಿಗಬಹುದೇ? ಕಚೇರಿಯ ನಿಯಮ ಬಿಗಿಯೆಂದು ಬಲ್ಲೆ. ಲೇಖನವಾಗಿ ಬರೆದರೆ ಚಿತ್ರದ ಕೆಳಗೆ ನಿನ್ನ ಹೆಸರು ಹಾಕುತ್ತೇನೆ. ಅವ್ವನ ಆಣೆಯಾಗಿ.

ನೀಲಾ

ಅಜನಿ, ನಾಗಪುರ
11 ಫೆಬ್ರವರಿ 1984

ನನ್ನ ವಿದ್ವಾಂಸೆ ತಂಗಿಗೆ,

ನಾಟಕದವಳ ಮಗಳಂತೆ! ಹೇಳು ಅವರಿಗೆ, ಕಲಾವತಿಬಾಯಿ ಒಂದು ಸಲ ಕಣ್ಣೆತ್ತಿ ನೋಡಿದರೆ ಸಾವಿರ ಜನ ಉಸಿರು ಬಿಗಿಹಿಡಿಯುತ್ತಿದ್ದರೆಂದು!

ಇದರೊಡನೆ ಚಿತ್ರವಿದೆ. ಹೇಗೆ ಬಂತು ಕೇಳು. ಕಚೇರಿಯಿಂದ ಒಂದು ಚೂರು ಕಾಗದವೂ ಹೊರಗೆ ಬರುವಂತಿಲ್ಲ. ಗೇಟಿನಲ್ಲಿ ಚೀಲ ತಪಾಸಣೆ. ಆದರೆ ಕಣ್ಣನ್ನು ಯಾವ ಪಹರೆಯವನು ತಪಾಸಣೆ ಮಾಡಿಯಾನು? ಬಯಲಿನಲ್ಲಿ ದಾರ ಕಟ್ಟಿ, ತೂಕದ ಗುಂಡು ಇಳಿಬಿಟ್ಟು, ಎಲುಬೆಲುಬನ್ನೂ ಅಳೆದು ಆರು ದಿನ ಬರೆದವನು ನಾನು. ಭಾನುವಾರ ಇಡೀ ದಿನ ಕೋಣೆಯ ಕದ ಹಾಕಿಕೊಂಡು ನೆನಪಿನಿಂದಲೇ ಮತ್ತೆ ಬರೆದೆ. ಮನೆಯ ಮಾಲೀಕ ಗುಂಡಪ್ಪ, ನಮ್ಮ ಗದಗಿನ ಕಡೆಯವರು, ಇಲ್ಲಿ ರೈಲ್ವೆ ಗಾರ್ಡು, ಕದ ಬಡಿದು, “ರುದ್ರಪ್ಪಾ, ಜೀವಂತ ಅದೀಯೋ ಇಲ್ಲೋ? ಜಲ್ದಿ ಬಾ, ರೊಟ್ಟಿ ಆರ್ತಾವು” ಎಂದು ಕೂಗಿದರು. ಉಣ್ಣಲೂ ಏಳಲಿಲ್ಲ. ಕಚೇರಿಯ ಚಿತ್ರಕ್ಕಿಂತ ಇದು ಚೆನ್ನಾಗಿದೆ, ನೀಲಾ. ಅದು ಲೆಕ್ಕಾಚಾರದ್ದು, ಇದು ನಿನ್ನದು.

ಚಿತ್ರದ ಕೆಳಗೆ ಹೆಸರು ಹಾಕು. “ನಿನ್ನ ನೌಕರಿ ಹೋದೀತು ಅಣ್ಣಾ” ಎಂದು ಹಿಂಜರಿಯಬೇಡ. ಹೋದರೆ ಹೋಗಲಿ! ದಿನಗೂಲಿ ಎಲ್ಲಿಯಾದರೂ ಸಿಕ್ಕೀತು. ಅಪ್ಪನಿಗೆ ಕೊಟ್ಟ ಮಾತನ್ನು ತೀರಿಸುವ ಅವಕಾಶ ಇನ್ನೊಮ್ಮೆ ಸಿಗಲಾರದು. ಇದನ್ನು ನಾನು ಯೋಚಿಸಿಯೇ ಬರೆದಿದ್ದೇನೆ.

ರುದ್ರಪ್ಪ

ಧಾರವಾಡ
3 ಮಾರ್ಚ್ 1984

ರುದ್ರಣ್ಣನಿಗೆ,

ಚಿತ್ರ ತಲುಪಿತು. ಮಾರ್ಗದರ್ಶಕರು ಭೂತಗನ್ನಡಿ ಹಿಡಿದು ನೋಡಿದರು. ಒಂದೇ ಒಂದು ಸಂದೇಹ. ಕುದುರೆಯ ಮೈ ಹೊರಗಿನ ಕಲ್ಲುಗಳ ಕಡೆಗಿದೆ, ಕತ್ತು ಮಾತ್ರ ಹಿಂದಕ್ಕೆ ತಿರುಗಿ ಮೋರೆ ಸತ್ತವನ ಕಡೆಗಿದೆ. ಅದು ನಿಜವಾಗಿಯೂ ಹಾಗೇ ಇತ್ತೇ? ಹಾಗಿದ್ದರೆ ಯಾರೋ ಬೇಕೆಂದೇ ತಿರುಗಿಸಿ ಹೂಳಿದ್ದಾರೆ ಎಂದಾಗುತ್ತದೆ. ಅದು ದೊಡ್ಡ ಮಾತು. ಬೇಗ ತಿಳಿಸು.

ನೀಲಾ

ಅಜನಿ, ನಾಗಪುರ
14 ಮಾರ್ಚ್ 1984

ನೀಲಾ,

ಸಂದೇಹವೇ? ರುದ್ರಪ್ಪನ ಗೆರೆಯ ಮೇಲೆ ಸಂದೇಹವೇ? ಗೆರೆ ಸುಳ್ಳು ಹೇಳೀತೇ, ತಂಗಿ! ಒಡೆಯ ಸತ್ತ. ಕುದುರೆಯನ್ನು ಜೊತೆಗೆ ಕೊಂದರು. ಕೊನೆಯ ಗಳಿಗೆಯಲ್ಲಿ ಆ ಮೂಕಪ್ರಾಣಿ ಕತ್ತು ತಿರುಗಿಸಿ ತನ್ನ ಒಡೆಯನನ್ನು ನೋಡಿತು, “ನಾನೂ ಬಂದೆ” ಎಂದಿತು. ಬರೆ ಹಾಗೆಯೇ. ಓದಿದವರ ಕಣ್ಣಲ್ಲಿ ನೀರು ಬರಬೇಕು.

ಗುಂಡಪ್ಪನವರ ರೈಲಿನಲ್ಲಿ ಒಂದು ಬುಟ್ಟಿ ಕಿತ್ತಳೆ ಕಳಿಸಿದ್ದೇನೆ. ನಿನ್ನ ಪತ್ರ ತೀರ ಚಿಕ್ಕದಿತ್ತು. ನಿದ್ದೆಗೆಟ್ಟು ಓದುತ್ತಿರಬೇಕು. ಮೈ ನೋಡಿಕೋ.

ರುದ್ರಪ್ಪ

ಅಜನಿ, ನಾಗಪುರ
20 ಜೂನ್ 1984

ನೀಲಾ,

ಏಪ್ರಿಲಿನಲ್ಲೊಂದು ಪತ್ರ, ಮೇ ತಿಂಗಳಲ್ಲೊಂದು, ಈಗ ಇದು ಮೂರನೆಯದು. ಕಿತ್ತಳೆ ತಲುಪಿದವೇ? ಹುಳಿ ಇದ್ದವೇ? ಕಾಯಿಲೆಯೇನೂ ಇಲ್ಲವಷ್ಟೆ? ಇಲ್ಲಿ ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತದೆ. ಬಯಲಿನ ಕೆಲಸ ನಿಂತಿದೆ. ಸಿವಿಲ್ ಲೈನ್ಸಿನ ಕಚೇರಿಯಲ್ಲಿ ಕೂತು ಮಡಕೆಯ ಚೂರುಗಳನ್ನು ಬರೆಯುತ್ತೇನೆ. ಗೌರಮ್ಮ, ಗುಂಡಪ್ಪನವರ ಹೆಂಡತಿ, ದಿನಾ ಕೇಳುತ್ತಾರೆ: “ನಿಮ್ಮ ತಂಗೀದು ಪತ್ರ ಬಂತೇನ್ರಿ?” ನಾನು, “ಓದೋ ಹುಡುಗಿ ಅದಾಳ್ರಿ, ಪುರುಸೊತ್ತಿಲ್ಲ” ಎನ್ನುತ್ತೇನೆ. ಒಂದು ಕಾರ್ಡು ಹಾಕು.

ರುದ್ರಪ್ಪ

ಧಾರವಾಡ
2 ಸೆಪ್ಟೆಂಬರ್ 1984
(ಕಾರ್ಡು)

ರುದ್ರಣ್ಣನಿಗೆ, ತಡವಾಯಿತು, ಕ್ಷಮಿಸು. ಲೇಖನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾಗಲಿದೆ. ಅದರ ಬಲದ ಮೇಲೆ ಇಲ್ಲಿಯ ಕಾಲೇಜೊಂದರಲ್ಲಿ ಅಧ್ಯಾಪಕಿ ಹುದ್ದೆಗೆ ಸಂದರ್ಶನಕ್ಕೆ ಕರೆ ಬಂದಿದೆ. ಪ್ರತಿ ಬಂದ ಮೇಲೆ ಬರೆಯುತ್ತೇನೆ. ಕಿತ್ತಳೆ ಸಿಹಿಯಾಗಿದ್ದವು. ನೀಲಾ

ಅಜನಿ, ನಾಗಪುರ
15 ಸೆಪ್ಟೆಂಬರ್ 1984

ಅಧ್ಯಾಪಕಿ ನೀಲಾಂಬಿಕಾದೇವಿಯವರ ಪಾದಕ್ಕೆ ಈ ದಿನಗೂಲಿಯ ಸಾಷ್ಟಾಂಗ!

ನಿನ್ನ ಕಾರ್ಡನ್ನು ಓಣಿಗೆಲ್ಲ ಓದಿದೆ. ಗೌರಮ್ಮ ಶ್ಯಾವಿಗೆ ಪಾಯಸ ಮಾಡಿದರು. ಸೀತಾಬರ್ಡಿಯ ಪೇಟೆಗೆ ಹೋಗಿ ಗಾಜಿನ ಚೌಕಟ್ಟು ಮಾಡಿಸಿ ತಂದೆ. ಚಿತ್ರವಿರುವ ಆ ಒಂದು ಪುಟ ಅದರೊಳಗೆ ಕೂರಬೇಕು. ಅಪ್ಪನ ಪಟದ ಪಕ್ಕಕ್ಕೆ ಮೊಳೆ ಹೊಡೆದು ಖಾಲಿ ಚೌಕಟ್ಟನ್ನೇ ತೂಗುಹಾಕಿದ್ದೇನೆ. ಗುಂಡಪ್ಪನವರು ದಿನಾ ಅದಕ್ಕೆ ಕೈಮುಗಿದು, “ಗುಡಿ ಬರೋಬರ್ ಐತಿ. ದೇವ್ರು ಯಾವ ಗಾಡೀಗೆ ಬರ್ತಾನೋ ಮಾರಾಯ?” ಎಂದು ಕಾಡಿಸುತ್ತಾರೆ.

ಪ್ರತಿ ಬಂದ ದಿನವೇ ಕಳಿಸು. ನಿನ್ನ ಲೇಖನ ಅರ್ಥವಾಗದಿದ್ದರೂ ಪರವಾಗಿಲ್ಲ. ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಓದುವಷ್ಟು ನನಗೆ ಬರುತ್ತದೆ.

ರುದ್ರಪ್ಪ

ಅಜನಿ, ನಾಗಪುರ
9 ಡಿಸೆಂಬರ್ 1984

ನೀಲಾಂಬಿಕಾ,

ಪ್ರತಿಗಾಗಿ ಕಾದೆ. ನೀನು ಕಳಿಸಲಿಲ್ಲ. ಅದು ತಾನಾಗಿಯೇ ಬಂತು, ಸಾಹೇಬರ ಮೇಜಿಗೆ.

ಶುಕ್ರವಾರ ಹನ್ನೊಂದು ಗಂಟೆಗೆ ಠೋಂಬರೆ ಸಾಹೇಬರು ಕರೆಸಿದರು. ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಅವರ ಮರಾಠಿಯನ್ನು ನಿನಗಾಗಿ ಕನ್ನಡ ಮಾಡುತ್ತೇನೆ.

“ರುದ್ರಪ್ಪಾ, ಈ ಹೆಂಗಸು ಯಾರು?”

ನಿನ್ನ ಹೆಸರು ನೋಡಿದೆ. ಕೆಳಗೆ ನನ್ನದೂ ಇರುತ್ತದೆ, ಈಗ ಸಿಕ್ಕಿಬೀಳುತ್ತೇನೆ ಎಂದುಕೊಂಡೆ. ನಿಜ ಹೇಳಲೇ? ಸಿಕ್ಕಿಬೀಳಲಿಕ್ಕೆ ಸಂತೋಷದಿಂದ ಸಿದ್ಧನಾದೆ! ಪುಟ ತಿರುವಿದೆ. ನನ್ನ ಕುದುರೆ. ನನ್ನ ಕಲ್ಲುಗಳು. ಅದರ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. “ಸ್ಥಳದಲ್ಲಿ ಲೇಖಕಿಯೇ ಅಳೆದು ರಚಿಸಿದ ಚಿತ್ರ.”

ಇನ್ನೊಮ್ಮೆ ಓದಿದೆ. ಅದೇ ಇತ್ತು.

“ನಮ್ಮ ಬಯಲಿಗೆ ಬಂದು ಅಳೆದಳಂತೆ,” ಎಂದರು ಸಾಹೇಬರು. “ಯಾವಾಗ ಬಂದಳು? ಕನಸಿನಲ್ಲೇ? ಪೇಪರಿನಲ್ಲಿ ಬಂದ ಸುದ್ದಿ ಓದಿ ಯಾರ ಕೈಯಲ್ಲೋ ಬರೆಸಿದ್ದಾಳೆ. ಕುದುರೆಯ ಮೋರೆ ನೋಡು.”

ಬೀರು ತೆಗೆದು, ದಿಬ್ಬ ಅಗೆದಾಗ ತೆಗೆದ ಫೋಟೋ ಇಟ್ಟರು. ಪಕ್ಕದಲ್ಲಿ ಕಚೇರಿಯ ಚಿತ್ರ, ನಾನೇ ಬರೆದದ್ದು. ಎರಡರಲ್ಲೂ ಕುದುರೆಯ ಮೋರೆ ಹೊರಗಿನ ಕಲ್ಲುಗಳ ಕಡೆಗಿದೆ. ಸತ್ತವನಿಗೆ ಅದು ಬೆನ್ನು ಹಾಕಿ ಮಲಗಿದೆ. ಕತ್ತು ತಿರುಗಿಯೇ ಇಲ್ಲ.

ಸಾಹೇಬರು ಹೇಳಿದರು: “ಮೊದಲು ನಿನ್ನ ಮೇಲೇ ಸಂಶಯ ಬಂತು. ಆಮೇಲೆ ಮೋರೆ ನೋಡಿದೆ. ಒಂಬತ್ತು ವರ್ಷದಲ್ಲಿ ನೀನು ಒಂದು ಗೆರೆ ತಪ್ಪಿಲ್ಲ. ಇದು ನಿನ್ನ ಕೈಯದಲ್ಲ. ಹೋಗು, ಚಹಾ ಕುಡಿ. ಇವಳು ಜಾಗ ನೋಡದೇ ಕಟ್ಟುಕಥೆ ಬರೆದಿದ್ದಾಳೆಂದು ಫೋಟೋ ಸಮೇತ ಆ ಪತ್ರಿಕೆಗೆ ಬರೆಯುತ್ತೇನೆ.”

ಚಹಾ ಕುಡಿಯಲಿಲ್ಲ. ಮೆಟ್ಟಿಲ ಮೇಲೆ ಕೂತೆ.

ಆ ಭಾನುವಾರ ಕೋಣೆಯಲ್ಲಿ ಬರೆಯುವಾಗ ಕುದುರೆಯ ಮೋರೆಯನ್ನು ತಿರುಗಿಸಿದವನು ನಾನು. ಬೇಕೆಂದು ಮಾಡಲಿಲ್ಲ. ನಿನಗೆ ಕೊಡುವ ಚಿತ್ರ, ಚೆಂದ ಕಾಣಲೆಂದು ಕೈ ತಾನಾಗಿ ಅಪ್ಪನ ಬಿದಿರಿನ ಕುದುರೆಯ ಕತ್ತನ್ನು ಬರೆಯಿತು. ನೀನು ಕೇಳಿದೆ. ನಾನು ಕಚೇರಿಯ ಚಿತ್ರವನ್ನು ಇನ್ನೊಮ್ಮೆ ನೋಡಬೇಕಿತ್ತು. ನೋಡದೆ, ಗೆರೆ ಸುಳ್ಳು ಹೇಳೀತೇ ಎಂದು ಗರ್ಜಿಸಿದೆ. ಆ ಪಾಪ ನನ್ನದು.

ಆದರೆ ನೀನು? ರಂಗದ ಮೇಲೆ ಅಂಬೆಗಾಲಿಟ್ಟವಳು, ಆ ಕುದುರೆಯ ಬೆನ್ನ ಮೇಲೆ ಕೂತವಳು, ಕಂಪನಿಯ ಕತ್ತನ್ನು ನೀನೂ ಗುರುತಿಸಲಿಲ್ಲವೇ? ಹೋಗಲಿ, ಅದನ್ನು ಮರೆತೆ ಎನ್ನೋಣ. ನನ್ನ ಹೆಸರನ್ನು ಹೇಗೆ ಮರೆತೆ? ಕಲಾವತಿಬಾಯಿಯ ಆಣೆ ಇಟ್ಟ ಬಾಯಿ ನಿನ್ನದಲ್ಲವೇ?

ರುದ್ರಪ್ಪ

ಧಾರವಾಡ
18 ಡಿಸೆಂಬರ್ 1984

ರುದ್ರಣ್ಣನಿಗೆ,

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ನಿನ್ನ ಹೆಸರು ಬಿಟ್ಟದ್ದು ನಿನ್ನ ನೌಕರಿ ಉಳಿಯಲೆಂದು. ಕಚೇರಿಯ ಚಿತ್ರ ಹೊರಗೆ ಬಂತೆಂದು ಗೊತ್ತಾದರೆ ನಿನ್ನ ಗತಿಯೇನು ಎಂದು ಹೆದರಿದೆ. ಯಾರದೂ ಹೆಸರಿಲ್ಲದ ಚಿತ್ರವನ್ನು ಪತ್ರಿಕೆಯವರು ಹಾಕುವುದಿಲ್ಲ. ನೀವೇ ಬರೆದಿರಿ ಅನ್ನಿ ಎಂದು ಮಾರ್ಗದರ್ಶಕರು ಹೇಳಿದರು. ನಾನು ಬೇಡ ಎನ್ನಲಿಲ್ಲ.

ನವೆಂಬರಿನಲ್ಲಿ ನನಗೆ ಹುದ್ದೆ ಸಿಕ್ಕಿತು. ಆ ಲೇಖನದಿಂದಲೇ. ಠೋಂಬರೆಯವರ ಪತ್ರ ಅಚ್ಚಾದರೆ ಕಟ್ಟುಕಥೆ ಬರೆದವಳು ಎಂದು ಹೊರಗೆ ಹಾಕುತ್ತಾರೆ. ಇನ್ನು ಯಾವ ಕಾಲೇಜೂ ತೆಗೆದುಕೊಳ್ಳುವುದಿಲ್ಲ. ನಾಟಕದವಳ ಮಗಳು ಕೊನೆಗೂ ನಾಟಕವೇ ಆಡಿದಳು ಎನ್ನುತ್ತಾರೆ.

ಒಂದು ದಾರಿ ಇದೆ. ನೀನು ಪತ್ರಿಕೆಗೆ ನಾಲ್ಕು ಸಾಲು ಬರೆದರೆ ಸಾಕು. ಅಳತೆ ಕೊಟ್ಟವನು ನಾನು, ಕುದುರೆಯ ತಲೆಯ ದಿಕ್ಕನ್ನು ತಪ್ಪಾಗಿ ತಿಳಿಸಿದ್ದೆ, ಅದರಂತೆ ಚಿತ್ರವನ್ನು ಲೇಖಕಿ ಬರೆದರು ಎಂದು. ತಪ್ಪಂತೂ ನಿನ್ನದೇ ಎಂದು ನೀನೇ ಒಪ್ಪಿದ್ದೀಯಲ್ಲ? ಗೆರೆ ಮಾತ್ರ ನನ್ನದಾಗಿ ಉಳಿಯಲಿ. ನಿನಗೆ ಕೈಮುಗಿಯುತ್ತೇನೆ ಅಣ್ಣಾ.

ನೀಲಾ

ಅಜನಿ, ನಾಗಪುರ
3 ಜನವರಿ 1985

ನೀಲಾಂಬಿಕಾ,

ನಿನ್ನ ಪತ್ರವನ್ನು ಖಾಲಿ ಚೌಕಟ್ಟಿನ ಕೆಳಗೆ ನಿಂತು ಓದಿದೆ.

ತಪ್ಪು ನನಗೆ, ಗೆರೆ ನಿನಗೆ! ಆಹಾ! ಎಂಥ ಪಾಲು! ನಮ್ಮ ಕಂಪನಿಯಲ್ಲಿ ಖಳನಾಯಕನ ಪಾತ್ರ ಮಾಡುತ್ತಿದ್ದವರು ಇದನ್ನು ಕೇಳಿದ್ದರೆ ಮೀಸೆ ಕಿತ್ತು ನಿನ್ನ ಕೈಗೆ ಕೊಡುತ್ತಿದ್ದರು.

ನನ್ನ ನೌಕರಿ ಉಳಿಸಲೆಂದೆ? ಕಳೆದ ಫೆಬ್ರವರಿ ಹನ್ನೊಂದರ ಪತ್ರ ತೆಗೆದು ನೋಡು. ಹೋದರೆ ಹೋಗಲಿ ಎಂದು ನನ್ನ ಕೈಯಾರೆ ಬರೆದಿದ್ದೇನೆ. ಇಟ್ಟಿದ್ದೀಯೋ, ಹರಿದಿದ್ದೀಯೋ? ಕಂಪನಿ ಮುಚ್ಚಿದಾಗ ಇಬ್ಬರೂ ಒಂದೇ ಟ್ರಂಕಿನ ಮೇಲೆ ಮಲಗಿದ್ದೆವು. ಶಾಲೆ ಬಿಟ್ಟು ಬೋರ್ಡು ಬರೆಯಲು ಹೋದವನು ನಾನು, ಆ ದುಡ್ಡಿನಲ್ಲಿ ಶಾಲೆಗೆ ಹೋದವಳು ನೀನು. ಅದನ್ನು ನಾನು ಯಾವತ್ತೂ ಎತ್ತಿ ಆಡಿದವನಲ್ಲ. ಇವತ್ತು ಆಡಿದೆ. ನನ್ನ ನಾಲಿಗೆಯನ್ನು ಇಷ್ಟು ಕೀಳು ಮಾಡಿದವಳು ನೀನು. ಅದಕ್ಕೇ ನನಗೆ ಹೆಚ್ಚು ನೋವು.

ಸುಮ್ಮನಿದ್ದರೆ ನಾನು ಉಳಿಯುತ್ತೇನೆ, ನೀನು ಮುಳುಗುತ್ತೀಯ. ನೀನು ಹೇಳಿದಂತೆ ಬರೆದರೆ ನೀನು ಉಳಿಯುತ್ತೀಯ, ಅಪ್ಪ ಮತ್ತೊಂದು ಸಲ ಸಾಯುತ್ತಾನೆ. ಎರಡೂ ಮಾಡುವುದಿಲ್ಲ. ನಾಳೆ ಹತ್ತು ಗಂಟೆಗೆ ಸಾಹೇಬರೆದುರು ನಿಂತು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಗೆರೆಯೂ ನನ್ನದು, ತಪ್ಪೂ ನನ್ನದು. ಒಂದನ್ನು ಬಿಟ್ಟು ಒಂದನ್ನು ಕೊಡುವುದಿಲ್ಲ.

ರುದ್ರಪ್ಪ

ಧಾರವಾಡ
8 ಜನವರಿ 1985
(ತಂತಿ)

ಹೇಳಬೇಡ. ನಾನು ಬರುತ್ತಿದ್ದೇನೆ. ನೀಲಾ

ಅಜನಿ, ನಾಗಪುರ
21 ಏಪ್ರಿಲ್ 1985

ನೀಲಾಂಬಿಕಾ,

ನಿನ್ನ ತಂತಿ ಬರುವ ಹೊತ್ತಿಗೆ ಹೇಳಿ ನಾಲ್ಕು ದಿನವಾಗಿತ್ತು. ನೀನು ಬರಲಿಲ್ಲ. ಎರಡು ದಿನ ಗುಂಡಪ್ಪನವರ ಜೊತೆ ಸ್ಟೇಷನ್ನಿಗೆ ಹೋಗಿ ನಿಂತಿದ್ದೆ. ಯಾಕೆ ಹೋದೆ ಎಂದು ಕೇಳಬೇಡ.

ಸಾಹೇಬರು ಕೂಗಾಡಲಿಲ್ಲ. “ನೀನು ಸುಳ್ಳು ಹೇಳಿದ್ದರೆ ನಾನು ನಂಬುತ್ತಿದ್ದೆನಲ್ಲೋ” ಎಂದರು. ಮರುದಿನದಿಂದ ಬರಬೇಡ ಎಂದರು. ಬಾಗಿಲವರೆಗೆ ಬಂದರು. ಸಖುಬಾಯಿ ಸುದ್ದಿ ಕೇಳಿ ಹಿಂಗಣಾದಿಂದ ಬಸ್ಸು ಹಿಡಿದು ಬಂದು, ಕಚೇರಿಯನ್ನೂ ನಿನ್ನನ್ನೂ ಸೇರಿಸಿ ಮರಾಠಿಯಲ್ಲಿ ಬಯ್ದು, ಒಂದು ಗಂಟು ಜೋಳದ ಹಿಟ್ಟು ಕೊಟ್ಟು ಹೋದಳು.

ಪತ್ರಿಕೆ ಮೊನ್ನೆ ಬಂತು. ಸಾಹೇಬರೇ ಆಳಿನ ಕೈಯಲ್ಲಿ ಕಳಿಸಿದರು. ಕೊನೆಯ ಪುಟದಲ್ಲಿ, ತಿದ್ದುಪಡಿ ಎಂಬ ತಲೆಬರಹದ ಕೆಳಗೆ, ಮೂರೇ ಸಾಲು. ಹಿಂದಿನ ಸಂಚಿಕೆಯ ಚಿತ್ರ ಲೇಖಕಿಯದಲ್ಲ. ಅದನ್ನು ಬರೆದವನು ನಾಗಪುರದ ನಕ್ಷೆಗಾರ ರುದ್ರಪ್ಪ ದೊಡ್ಡಯ್ಯ. ಕುದುರೆಯ ತಲೆಯ ದಿಕ್ಕು ತಪ್ಪಾದುದಕ್ಕೆ ಅವನು ಕ್ಷಮೆ ಕೋರಿದ್ದಾನೆ. ಅಪ್ಪನದೂ ನನ್ನದೂ ಕೂಡಿ ಅಚ್ಚಾಗಿವೆ. ಸಣ್ಣ ಅಕ್ಷರದಲ್ಲಿ.

ಆ ಮೂರು ಸಾಲನ್ನು ಕತ್ತರಿಸಿ ಚೌಕಟ್ಟಿನಲ್ಲಿ ಹಾಕಿದೆ. ಗುಂಡಪ್ಪನವರು ಕನ್ನಡಕ ಏರಿಸಿ ನೋಡಿ, “ಇಷ್ಟ ದೊಡ್ಡ ಗುಡ್ಯಾಗ ಇಷ್ಟ ಸಣ್ಣ ದೇವ್ರೇನೋ!” ಎಂದರು. ನಗಲು ಹೋದರು, ಆಗಲಿಲ್ಲ. ಗೌರಮ್ಮ ಒಳಗೆ ಹೋಗಿಬಿಟ್ಟರು.

ನಿನ್ನ ಹುದ್ದೆ ಉಳಿಯಿತೆಂದು ಧಾರವಾಡದಲ್ಲಿರುವ ಗೌರಮ್ಮನ ತಮ್ಮ ಬರೆದಿದ್ದಾನೆ. ನಾಗಪುರದ ಒಬ್ಬ ದಿನಗೂಲಿಯವನು ನಿನ್ನನ್ನು ಮೋಸಗೊಳಿಸಿದನೆಂದು ವಿವರಣೆ ಬರೆದುಕೊಟ್ಟೆಯಂತೆ. ಮಾರ್ಗದರ್ಶಕರು ಸಾಕ್ಷಿ ಹಾಕಿದರಂತೆ. ಇರಲಿ. ದಿನಗೂಲಿಯವನು ಎಂದೆಯಂತೆ, ಅಣ್ಣ ಎನ್ನಲಿಲ್ಲವಂತೆ. ಅಷ್ಟಾದರೂ ಮಾನ ಉಳಿಸಿದೆ.

ಬರುವ ತಿಂಗಳು ನಾನು ವಡಸಾ ಕಡೆಗೆ ಹೋಗುತ್ತೇನೆ. ಅಲ್ಲಿ ಸುಗ್ಗಿ ಮುಗಿದ ಮೇಲೆ ಊರೂರಲ್ಲಿ ಬೆಳಗಿನವರೆಗೆ ನಾಟಕ ಆಡುವ ಮರಾಠಿ ಮಂಡಳಿಗಳಿವೆ. ಒಬ್ಬರಿಗೆ ಪರದೆ ಬರೆಯುವವನು ಬೇಕಾಗಿದ್ದಾನೆ. ಅರಮನೆ, ಅಡವಿ, ಸ್ಮಶಾನ. ಮೂರೂ ನನಗೆ ಬಾಯಿಪಾಠ. ಮಂಡಳಿಯವರಿಗೆ ಒಂದೇ ಷರತ್ತು ಹಾಕಿದ್ದೇನೆ. ಹ್ಯಾಂಡ್‌ಬಿಲ್ಲಿನಲ್ಲಿ ಹೆಸರು ಇರಬೇಕು. ಅವರು, “ಹಾಂ ಹಾಂ, ಚಲೋ” ಎಂದಿದ್ದಾರೆ. ನೀನೂ ಹಾಗೆಯೇ ಅಂದಿದ್ದೆ.

ಇದರೊಡನೆ ಕುದುರೆಯ ಚಿತ್ರ ಇನ್ನೊಂದು ಸಲ ಬರೆದು ಇಟ್ಟಿದ್ದೇನೆ. ಈ ಸಲ ನೆನಪಿನಿಂದಲ್ಲ. ಕಚೇರಿ ಬಿಡುವ ದಿನ ಸಾಹೇಬರನ್ನು ಕೇಳಿ, ಫೋಟೋ ಎದುರಿಗಿಟ್ಟುಕೊಂಡು ಬರೆದದ್ದು. ಮೂಲೆಯಲ್ಲಿ ನನ್ನ ಸಹಿ ಇದೆ. ಮೋರೆ ಹುಡುಕಬೇಡ, ಕಾಣುವುದಿಲ್ಲ. ತನ್ನ ಒಡೆಯನಿಗೂ ನೋಡುವವರಿಗೂ ಬೆನ್ನು ಹಾಕಿ, ಕಲ್ಲುಗಳ ಸಂದಿಯಿಂದ ಆಚೆಯ ಬಯಲನ್ನು ನೋಡುತ್ತ ಮಲಗಿದೆ.

ಅದು ಮೊದಲಿನಿಂದಲೂ ಹಾಗೇ ಇತ್ತು, ನೀಲಾ.

ರುದ್ರಪ್ಪ ದೊಡ್ಡಯ್ಯ
ನಕ್ಷೆಗಾರ